ಇದೆ, ಇಲ್ಲ ಎರಡನ್ನೂ ಹೇಳದ ಮೇಡಂ

ಮೇಡಂ ಹೋದರು ಎಂದು ಫೋನ್ ಬಂದಾಗ ನಾನು ಅಕ್ಕಿ ತೊಳೆಯುತ್ತಿದ್ದೆ. ಫೋನಿಟ್ಟು ಬಂದು ತೊಳೆಯುವುದನ್ನು ಮುಗಿಸಿದೆ, ಕುಕ್ಕರ್ ಇಟ್ಟೆ. ಎಷ್ಟು ಸೀಟಿಯಾಯಿತು ಎಂಬ ಗಮನ ಮಾತ್ರ ಇರಲಿಲ್ಲ, ಅನ್ನ ಮುದ್ದೆಯಾಯಿತು. ದುಃಖ ಎಂದು ಕರೆಯಬಹುದಾದದ್ದು ಅಷ್ಟೇ. ಅಂದಿನ ದಿನಚರಿಯಲ್ಲಿ ಅವರ ಬಗ್ಗೆ ಒಂದು ಸಾಲು ಇದೆ, ಅದರ ಕೆಳಗೆ ಗ್ಯಾಸ್ ಬುಕ್ ಮಾಡಿದ ವಿಷಯ ಇದೆ.

ಇದನ್ನು ಬರೆಯುತ್ತಿರುವುದು ಮೊನ್ನೆ ಭದ್ರಾವತಿಯಲ್ಲಿ ಅವರ ಶಿವಗಣಾರಾಧನೆಗೆ ಹೋಗಿ ಬಂದ ಮೇಲೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ ಎಂದು ಅಂದುಕೊಂಡಿದ್ದೇನೆ, ಆದರೆ ಅದೂ ನನ್ನ ಊಹೆಯೇ. ಅಷ್ಟು ವರ್ಷ ಎದುರು ಬದುರು ಕೂತು ಕೆಲಸ ಮಾಡಿದವರ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಕಡಿಮೆ. ನಾನು ನೋಡಿದ ಮೇಡಂ ಎಷ್ಟು, ಆಮೇಲೆ ನಾನೇ ಸೇರಿಸಿಕೊಂಡ ಮೇಡಂ ಎಷ್ಟು ಎಂದು ಬೇರೆ ಮಾಡಲು ಆಗುತ್ತಿಲ್ಲ.

ಅವರು ಭದ್ರಾವತಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುವ ಕಾಲದಲ್ಲಿ ಬೋರ್ಡಿನ ಮುಂದೆ ಕೂತು ಲೈನ್ ಕೊಡುತ್ತಿದ್ದವರು. ಒಂದು ಊರಿನ ಆಪರೇಟರು ಇನ್ನೊಂದು ಊರಿನವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ. ಊರಿನ ಹೆಸರೇ ಅವರ ಹೆಸರು. "ಶಿವಮೊಗ್ಗ, ಊಟ ಆಯ್ತಾ?" "ಆಯ್ತು ಭದ್ರಾವತಿ, ನಿಂದು?" ಹೀಗೆ ಎಷ್ಟೋ ವರ್ಷ ಮಾತಾಡಿದ ಗೆಳತಿಯೊಬ್ಬಳ ನಿಜವಾದ ಹೆಸರು ಗೊತ್ತಾದದ್ದು ಅವಳ ಮದುವೆಯ ಕರೆಯೋಲೆ ಬಂದಾಗ ಎಂದು ಮೇಡಂ ನಗುತ್ತಿದ್ದರು. ಊರಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನವರ ಕರೆಗಳಿಂದಾಗಿ ಅವರಿಗೆ ತಮಿಳು, ತೆಲುಗು ಅಭ್ಯಾಸವಾಗಿತ್ತು. ಎಷ್ಟು ಬರುತ್ತದೆ ಎಂದು ಕೇಳಿದರೆ, "ಲೈನ್ ಕಟ್ಟಾಗದಷ್ಟು ಬರುತ್ತೆ" ಅನ್ನುತ್ತಿದ್ದರು.

ಬೀದಿಗೊಂದು ಎಸ್‌ಟಿಡಿ ಬೂತು ಬಂದು ಟ್ರಂಕ್ ಬೋರ್ಡಿಗೆ ಕೆಲಸವಿಲ್ಲದಂತಾದಾಗ ಅವರು ಸ್ವಯಂ ನಿವೃತ್ತಿ ತೆಗೆದುಕೊಂಡರು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಒಂದು ಮೆಡಿಕಲ್ ಶಾಪಿನ ಮಹಡಿ ಮೇಲೆ ವಧೂವರರ ಕೇಂದ್ರ ತೆರೆದು, ಭದ್ರಾವತಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರಿಗೆ ಮದುವೆಯಾಗಿರಲಿಲ್ಲ. ಬಂದವರು ಮೊದಲು ಅದನ್ನೇ ಕೇಳುತ್ತಿದ್ದರು, ಕೆಲವರು ಸುತ್ತಿ ಬಳಸಿ, ಕೆಲವರು ನೇರವಾಗಿ. "ಅಲ್ಲ ಮೇಡಂ, ಊರಿಗೆಲ್ಲ ಗಂಡು ಹುಡುಕ್ತೀರಿ, ನಿಮಗೆ?" ಎಂದು ಒಬ್ಬ ಹಿರಿಯರು ಕೇಳಿದಾಗ, "ಬಸ್ ಸ್ಟ್ಯಾಂಡಲ್ಲಿ ಟಿಕೆಟ್ ಕೊಡೋರು ಬಸ್ ಹತ್ತಲೇಬೇಕು ಅಂತಿದೆಯಾ ಯಜಮಾನ್ರೆ?" ಅಂದಿದ್ದರು. ಈ ಮಾತು ಆಡಿದಾಗ ನಾನೇ ಅಲ್ಲಿದ್ದೆನೋ, ಅವರು ಆಮೇಲೆ ಹೇಳಿ ನಗಿಸಿದ್ದೋ, ಈಗ ಹೇಳಲಾರೆ.

ಎಂ.ಎ. ಮುಗಿಸಿ, ಕಾಲೇಜು ಕೆಲಸ ಸಿಗದೆ ಮನೆಯಲ್ಲಿದ್ದ ನನ್ನನ್ನು ಟೈಪಿಂಗ್ ಬರುತ್ತದೆ ಎಂದು ಸೇರಿಸಿಕೊಂಡರು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲಕ್ಕೆ ಕೇಂದ್ರಕ್ಕೊಂದು ವೆಬ್‌ಸೈಟ್ ಆಯಿತು. ಸೈಬರ್ ಸೆಂಟರುಗಳಲ್ಲಿ ಕೂತು ಜನ ಗಂಡು ಹೆಣ್ಣು ನೋಡುವುದು ಆಗ ಹೊಸದು. ಬರೀ ನೋಡಲು ಬಂದವರಿಗೆ ವಯಸ್ಸು, ಓದು, ಊರು ಇಷ್ಟು ಕಾಣುತ್ತಿತ್ತು. ಫೋಟೊ ಕಾಣಬೇಕಾದರೆ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಕೊಟ್ಟು ಸೇರಬೇಕು. ಹಾಗೆ ಸೇರಿದವರಿಗೆಲ್ಲ ನಾನು ಫೋನ್ ಮಾಡಿ, ನಿಜವೋ ಸುಳ್ಳೋ ಖಾತ್ರಿ ಮಾಡಿಕೊಳ್ಳುತ್ತಿದ್ದೆ.

ಸೈಟ್ ಮಾಡಿಕೊಟ್ಟವರು ಅದರ ತಳದಲ್ಲಿ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಪುಟ ಹಾಕಿದ್ದರು. ಜನರ ವಿವರವನ್ನು ಹೇಗೆ ಪಡೆಯುತ್ತೇವೆ, ಹೇಗೆ ಬಳಸುತ್ತೇವೆ ಎಂಬ ಪುಟ. ಬೇರೆ ಎಲ್ಲಿಂದಲೋ ಎತ್ತಿ ಅಂಟಿಸಿದ್ದೆಂದು ನೋಡಿದರೇ ತಿಳಿಯುತ್ತಿತ್ತು. ಮೇಡಂ ಅದನ್ನು ನನ್ನಿಂದ ಓದಿಸಿದರು.

"ಇಲ್ಲೇನೋ ಷೇರ್ ಅಂತಿದೆಯಲ್ಲ, ಏನದು?"

"ನಿಮ್ಮ ವಿವರವನ್ನು ಬೇರೆ ಸಂಸ್ಥೆಗಳಿಗೆ ಕೊಡಬಹುದು ಅಂತ ಮೇಡಂ."

"ಯಾರು ಕೊಡೋದು?"

"ನಾವು."

"ನಾವು ಯಾಕೆ ಕೊಡ್ತೀವಿ ಮಾರಾಯ್ತಿ? ಹುಡುಗಿ ಅಪ್ಪ ನನ್ನ ಮುಖ ನೋಡಿ ಕೊಟ್ಟಿರ್ತಾನೆ. ತೆಗಿ ಅದನ್ನ."

"ಎಲ್ಲಾ ಸೈಟಲ್ಲೂ ಹೀಗೇ ಇರುತ್ತೆ."

"ಎಲ್ಲಾರೂ ಓದದೇ ಹಾಕ್ಕೊಂಡಿದಾರೆ ಅಂತಾಯ್ತು."

ಅವರು ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಬರೆದೆ. ನಾವು ಏನೇನು ಕೇಳುತ್ತೇವೆ, ಯಾಕೆ ಕೇಳುತ್ತೇವೆ, ಯಾರಿಗೆ ತೋರಿಸುತ್ತೇವೆ, ಯಾವಾಗ ಅಳಿಸುತ್ತೇವೆ. ತಲೆಬರಹಕ್ಕೆ 'ಗೌಪ್ಯತಾ ನೀತಿ' ಎಂದು ಹಾಕಿದೆ. ತಾಲ್ಲೂಕು ಆಫೀಸಿನಿಂದ ನೋಟಿಸ್ ಬಂದ ಹಾಗಿದೆ ಎಂದು ಅದನ್ನು ತೆಗೆಸಿ, 'ನಿಮ್ಮ ವಿವರ ನಮ್ಮಲ್ಲಿ ಏನಾಗುತ್ತದೆ' ಎಂದು ಮಾಡಿಸಿದರು. ಗೌಪ್ಯತೆ ಒಳ್ಳೆಯ ಪದ ಎಂದು ನನಗೆ ಈಗಲೂ ಅನಿಸುತ್ತದೆ. ಆ ಬಗ್ಗೆ ಎರಡು ದಿನ ಮುನಿಸಿಕೊಂಡಿದ್ದೆ.

ಅಳಿಸುವ ವಿಷಯದಲ್ಲಿ ಅವರದು ನಮ್ಮ ಕಡೆಯ ಹಳೇ ಪದ್ಧತಿ. ಹೆಣ್ಣಿನ ಕಡೆಯವರು ಕೊಟ್ಟ ಫೋಟೊ, ಜಾತಕ ಒಪ್ಪಿಗೆಯಾಗದಿದ್ದರೆ ವಾಪಸ್ ಕೊಡಬೇಕು. ಬೇಡ ಎಂದ ಮೇಲೆ ಆ ಹುಡುಗಿಯ ಫೋಟೊ ಗಂಡಿನ ಮನೆಯ ಬೀರುವಿನಲ್ಲಿ ಇರಬಾರದು. ಕೇಂದ್ರದಿಂದ ಫೋಟೊ ಒಯ್ದು ಕೊಡದೇ ಇದ್ದವರ ಮನೆಗೆ ಮೇಡಂ ಫೋನ್ ಮಾಡಿ, "ಅದು ಕ್ಯಾಲೆಂಡರ್ ಅಲ್ಲ ಸ್ವಾಮಿ, ವರ್ಷವಿಡೀ ಇಟ್ಕೊಳ್ಳೋಕೆ" ಅನ್ನುತ್ತಿದ್ದರು. ವೆಬ್‌ಸೈಟಿಗೂ ಅದೇ ನಿಯಮ. ಮದುವೆ ಗೊತ್ತಾದ ದಿನವೇ ನಾನು ಎಲ್ಲ ಅಳಿಸಬೇಕು, ಅಳಿಸಿದೆ ಎಂದು ಆ ಮನೆಗೆ ಫೋನ್ ಮಾಡಬೇಕು. ದೊಡ್ಡ ಊರಿನ ಕಂಪನಿಯೊಂದರಿಂದ ಟೈ ಕಟ್ಟಿದವರೊಬ್ಬರು ಬಂದು, ಹೆಸರುಗಳೆಲ್ಲ ಸಮೇತ ಸೈಟನ್ನು ಕೊಂಡುಕೊಳ್ಳುತ್ತೇವೆ, ಹಳೆಯವನ್ನೂ ಅಳಿಸಬೇಡಿ ಎಂದಾಗ ಮೇಡಂ ಅವರಿಗೆ ಕಾಫಿ ತರಿಸಿದರು, ಮಳೆ ಬೆಳೆ ವಿಚಾರಿಸಿದರು, ಆ ವಿಷಯ ಬಿಟ್ಟು ಉಳಿದೆಲ್ಲ ಮಾತಾಡಿ ಕಳಿಸಿದರು.

ತಪ್ಪುಗಳು ಆಗಲಿಲ್ಲವೆಂದಲ್ಲ. ಶುರುವಿನಲ್ಲಿ ಯಾರಾದರೂ ಆಸಕ್ತಿ ತೋರಿಸಿದರೆ ಸೈಟಿನಿಂದ ತಾನಾಗಿಯೇ ಇ-ಮೇಲ್ ಹೋಗುತ್ತಿತ್ತು. ಜನಕ್ಕೆ ಸ್ವಂತ ಮೇಲ್ ಎಲ್ಲಿತ್ತು? ಪಕ್ಕದ ಮನೆಯ ಫೋನ್ ನಂಬರನ್ನು ಪಿ.ಪಿ. ಎಂದು ಬರೆದುಕೊಟ್ಟ ಹಾಗೆ ಸೈಬರ್ ಸೆಂಟರಿನವನ ಇ-ಮೇಲ್ ವಿಳಾಸವನ್ನೇ ಕೊಟ್ಟಿರುತ್ತಿದ್ದರು. ಭದ್ರಾವತಿಯಲ್ಲಿ ಅಂಥ ಒಬ್ಬ ಉಪಕಾರಿ, ಗಿರಾಕಿಗಳಿಗೆ ಬಂದ ಮೇಲನ್ನೆಲ್ಲ ಪ್ರಿಂಟ್ ತೆಗೆದು, ಬಂದಾಗ ಒಯ್ಯಲಿ ಎಂದು ಬಾಗಿಲ ಪಕ್ಕದ ಬೋರ್ಡಿಗೆ ಚುಚ್ಚುತ್ತಿದ್ದ. ಒಬ್ಬ ಹುಡುಗಿಗೆ ಬಂದ ಸಂಬಂಧದ ವಿವರ ಹುಡುಗನ ಸಂಬಳ ಸಹಿತ ಅಲ್ಲಿ ಎರಡು ದಿನ ನೇತಾಡಿತು. ಮೇಡಂ ತಾವೇ ಹೋಗಿ ಕಿತ್ತುಕೊಂಡು ಬಂದರು. "ಪಾಪ, ಗುಂಡುಪಿನ್ನು ಕೂಡ ಸ್ವಂತ ದುಡ್ಡಲ್ಲೇ ತಂದಿದ್ದ" ಅಂದರು. ಅಂದಿನಿಂದ ನಮ್ಮ ಮೇಲುಗಳಲ್ಲಿ 'ಬಿಡುವಾದಾಗ ಫೋನ್ ಮಾಡಿ' ಎಂದಷ್ಟೇ ಇರುತ್ತಿತ್ತು.

ಹೆಣ್ಣು ನೋಡುವುದಕ್ಕೂ ಅವರದೇ ದಾರಿಯಿತ್ತು. ಮನೆಗೆ ಕರೆಸಿದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಒಪ್ಪಿಗೆಯಾಗದಿದ್ದರೆ ಹುಡುಗಿಗೆ ಕಷ್ಟ. ಅಂಥವರನ್ನು ತ್ಯಾವರೆಕೊಪ್ಪದ ಹುಲಿ ಸಿಂಹಧಾಮಕ್ಕೆ ಕಳಿಸುತ್ತಿದ್ದರು. "ಯಾರಾದ್ರೂ ಕಂಡ್ರೆ ಹುಲಿ ನೋಡೋಕೆ ಬಂದ್ವಿ ಅನ್ನಿ" ಎಂದು. ಒಬ್ಬ ಹುಡುಗ ವಾಪಸ್ ಬಂದು, "ಹುಲಿ ಮಲಗಿತ್ತು ಮೇಡಂ, ಹುಡುಗಿ ಪರವಾಗಿಲ್ಲ" ಅಂದಿದ್ದ.

ಪ್ರತಿ ಭಾನುವಾರ ಅವರು ಊಟಕ್ಕೆ ಹೋಗುತ್ತಿದ್ದದ್ದು ಆಲ್ಕೊಳದಲ್ಲಿದ್ದ ತಮ್ಮನ ಮನೆಗೆ. ಅವರಿಗೆ ಇದ್ದವನು ಅವನೊಬ್ಬನೇ. ತಂದೆ ತಾಯಿ ಬೇಗ ಹೋದದ್ದರಿಂದ ಅವನನ್ನು ಓದಿಸಿದವರು, ಅಂಗಡಿ ಹಾಕಿಸಿದವರು, ಮದುವೆ ಮಾಡಿಸಿದವರು ಇವರೇ ಎಂದು ಬೇರೆಯವರಿಂದ ಕೇಳಿದ್ದೇನೆ. ಸೋಮವಾರ ಬಂದಾಗ ಅವರ ಟಿಫಿನ್ ಡಬ್ಬಿಯಲ್ಲಿ ತಮ್ಮನ ಮನೆಯ ರೊಟ್ಟಿ, ಶೇಂಗಾ ಚಟ್ನಿಪುಡಿ ಇರುತ್ತಿತ್ತು. ತಮ್ಮನ ಒಬ್ಬನೇ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಸೊಸೆ ಅತ್ತೆ ಮಾವಂದಿರ ಜೊತೆಗೇ ಇದ್ದಳು. ಅವಳ ಬಗ್ಗೆ ಮೇಡಂ ಹೆಚ್ಚು ಮಾತಾಡುತ್ತಿರಲಿಲ್ಲ. "ಚಟ್ನಿಪುಡಿ ಅವಳೇ ಮಾಡಿದ್ದು" ಎಂದು ಒಮ್ಮೆ ಹೇಳಿದ್ದು ನೆನಪಿದೆ.

ಆ ತಮ್ಮ ಕೇಂದ್ರಕ್ಕೆ ಬಂದದ್ದು ಒಂದು ಮಧ್ಯಾಹ್ನ. ಆ ದಿನದ ನನ್ನ ದಿನಚರಿಯಲ್ಲಿ 'ಪ್ರಿಂಟರ್ ಕೆಟ್ಟಿದೆ, ಕರೆಂಟ್ ಇಲ್ಲ' ಎಂದು ಮಾತ್ರ ಇದೆ. ಹಾಗಾಗಿ ಈ ಮಾತುಗಳು ನೆನಪಿನಿಂದ. ಅಕ್ಷರಶಃ ಹೀಗೇ ಇದ್ದವೆಂದು ಹೇಳಲಾರೆ. ಕೊನೆಯ ಎರಡು ಮೂರು ಮಾತು ಮಾತ್ರ ಹೀಗೇ ಇದ್ದವು.

"ಅಕ್ಕ, ಒಂದು ಕೇಳ್ತೀನಿ. ನಮ್ಮ ಸೊಸೆ ನಿನ್ನ ಸೈಟಲ್ಲಿ ಹೆಸರು ಕೊಟ್ಟಿದಾಳಾ?"

"ಕೂತ್ಕೊ. ಕಾಫಿ ಕುಡಿ."

"ಕಾಫಿ ಬೇಡ. ಆಲ್ಕೊಳ ಸರ್ಕಲ್ಲಿನ ಸೈಬರ್ ಸೆಂಟರಿನೋನು ಹೇಳ್ದ. ನಿಮ್ಮ ಮನೆಯೋರು ಬಂದು ಕೂತು ನಿಮ್ಮಕ್ಕನ ಸೈಟೇ ನೋಡ್ತಿರ್ತಾರೆ ಅಂತ. ಗಂಡ ಹೋಗಿ ಎಷ್ಟು ದಿನ ಆಯ್ತಂತ ಅವಳಿಗೆ ಇದು?"

"ನೋಡೋರು ಊರೆಲ್ಲ ನೋಡ್ತಾರೆ ಕಣೋ."

"ನೋಡಿದ್ದಲ್ಲ ನಾನು ಕೇಳಿದ್ದು. ಯಾರ್ಯಾರು ಹೆಸರು ಕೊಟ್ಟಿದಾರೆ ಅಂತ ನಿನ್ನ ಕಂಪ್ಯೂಟರಲ್ಲಿ ಇರುತ್ತಲ್ಲ. ಇದೆಯಾ, ಇಲ್ವಾ?"

"ಅದನ್ನ ಯಾರಿಗೂ ಹೇಳಲ್ಲ. ಇದೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ."

"ನಾನು ಯಾರೋ ಆದ್ನಾ?"

ಮೇಡಂ ಮೇಜಿನ ಮೇಲಿದ್ದ ಫೋಟೊಗಳನ್ನು ಜೋಡಿಸತೊಡಗಿದರು.

"ಇಲ್ಲ ಅಂತ ಒಂದು ಮಾತು ಹೇಳು ಅಕ್ಕ. ಎದ್ದು ಹೋಗ್ತೀನಿ. ಮತ್ತೆ ಈ ವಿಷಯ ಎತ್ತಲ್ಲ."

"ಹೇಳಲ್ಲ ಕಣೋ."

"ಗೊತ್ತಾಯ್ತು ಬಿಡು" ಎಂದು ಅವನು ಎದ್ದ. ಮೆಟ್ಟಿಲ ಹತ್ತಿರ ನಿಂತು, "ಭಾನುವಾರ ಬರೋದು ಬೇಡ" ಎಂದ.

ನನಗೆ ಗೊತ್ತಿತ್ತು. ಆ ಹೆಸರು ನಮ್ಮಲ್ಲಿರಲಿಲ್ಲ. ಬಂದ ಪ್ರತಿಯೊಂದು ಹೆಸರನ್ನೂ ನಾನೇ ಫೋನ್ ಮಾಡಿ ವಿಚಾರಿಸುತ್ತಿದ್ದವಳು. ಮೇಡಂಗೂ ಅದು ಗೊತ್ತಿತ್ತು. ಅವನು ಹೋದ ಮೇಲೆ ಕೇಳಿದೆ. "ಇಲ್ಲ ಅನ್ನಬಹುದಿತ್ತಲ್ಲ ಮೇಡಂ? ಸುಳ್ಳೇನೂ ಆಗ್ತಿರಲಿಲ್ಲ."

"ಇವತ್ತು ಇವನಿಗೆ ಇಲ್ಲ ಅಂತೀನಿ. ನಾಳೆ ಇನ್ನೊಬ್ಬ ಬರ್ತಾನೆ, ಅವನ ಮನೆ ಹುಡುಗಿ ನಮ್ಮಲ್ಲಿ ಇರ್ತಾಳೆ. ಅವನಿಗೆ ಹೇಳಲ್ಲ ಅಂತೀನಿ. ಆಗ ಅವನಿಗೆ ತಿಳಿಯಲ್ವಾ?"

ಮನೆಯವರಿಗೆ ಗೊತ್ತಿಲ್ಲದೆ ತಾವೇ ಹೆಸರು ಕೊಟ್ಟ ಹೆಂಗಸರು ಆಗ ನಮ್ಮಲ್ಲಿ ಕೆಲವರಿದ್ದರು. ಗಂಡನನ್ನು ಕಳೆದುಕೊಂಡವರು, ಬಿಟ್ಟು ಬಂದವರು. ಅವರ ಫೋನ್ ನಂಬರಿನ ಮುಂದೆ 'ಮಧ್ಯಾಹ್ನ ಮಾತ್ರ' ಎಂದು ಬರೆದುಕೊಳ್ಳುತ್ತಿದ್ದೆವು.

"ಆದರೂ ಇವರು ನಿಮ್ಮ ತಮ್ಮ" ಎಂದೆ.

"ಬರೋರೆಲ್ಲಾ ಯಾರಿಗೋ ತಮ್ಮಂದಿರೇ."

ಎಕ್ಸ್‌ಚೇಂಜಿನಲ್ಲೂ ಹೀಗೇ ಇತ್ತಂತೆ. ನಮ್ಮ ಯಜಮಾನರು ಯಾವ ಊರಿಗೆ ಕಾಲ್ ಬುಕ್ ಮಾಡಿದರು, ಮಾಡಲಿಲ್ಲವಾ ಎಂದು ಹೆಂಡತಿಯರು ಕೇಳುತ್ತಿದ್ದರು. ಏನೂ ಇಲ್ಲದಿದ್ದಾಗ ಇಲ್ಲ ಎಂದುಬಿಡುವ ಅಭ್ಯಾಸವಿದ್ದ ಆಪರೇಟರು, ಇದ್ದಾಗ ಸುಮ್ಮನಿದ್ದರೂ ಗುಟ್ಟು ಬಿಟ್ಟುಕೊಟ್ಟಂತಾಗುತ್ತಿತ್ತು. ಇದನ್ನು ಅವರು ಬೇರೆ ಯಾವಾಗಲೋ ಹೇಳಿದ್ದು. ನಾನು ಇಲ್ಲಿಗೆ ತಂದು ಜೋಡಿಸುತ್ತಿದ್ದೇನೆ.

ಒಂದು ತಿಂಗಳಾಗಿರಬಹುದು, ಆ ಸೊಸೆ ಬಂದಳು. ನಾನು ಅವಳನ್ನು ನೋಡಿದ್ದು ಆಗಲೇ ಮೊದಲು. ಕೈಯಲ್ಲಿ ಪ್ಲಾಸ್ಟಿಕ್ ಬ್ಯಾಗ್ ಇತ್ತು, ಬಸ್ಸಿಳಿದು ನೇರವಾಗಿ ಬಂದಂತಿತ್ತು. ಮಾವನ ಅಕ್ಕನಾದ್ದರಿಂದ ಮೇಡಂ ಅವಳಿಗೆ ಅತ್ತೆ.

"ಅತ್ತೆ, ನನ್ನನ್ನ ತವರಿಗೆ ಕಳಿಸಿದಾರೆ."

"ಗೊತ್ತಾಯ್ತು."

"ನಾನು ನೋಡ್ತಿದ್ದದ್ದು ತಂಗಿಗೆ. ಅಪ್ಪಂಗೆ ಓಡಾಡೋಕೆ ಆಗಲ್ಲ, ಅದ್ಕೇ ನಾನೇ ನೋಡಿ ಹೇಳ್ತೀನಿ ಅಂದಿದ್ದೆ. ಹೆಸರೂ ಕೊಟ್ಟಿರಲಿಲ್ಲ."

"ಅದನ್ನ ಅವನಿಗೆ ಹೇಳ್ಬೇಕಿತ್ತಲ್ಲಮ್ಮ."

"ಹೇಳಿದೆ. ಹಂಗಿದ್ರೆ ಅಕ್ಕ ಯಾಕೆ ಇಲ್ಲ ಅನ್ನಲಿಲ್ಲ ಅಂದ್ರು ಮಾವ."

ಕೆಳಗೆ ಮೆಡಿಕಲ್ ಶಾಪಿನಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು. ನಾನು ಕೀಬೋರ್ಡ್ ಮೇಲೆ ಕೈಯಿಟ್ಟುಕೊಂಡು, ಏನೂ ಟೈಪ್ ಮಾಡದೆ ಕೂತಿದ್ದೆ.

"ಈಗಲಾದ್ರೂ ಹೋಗಿ ಹೇಳಿ ಅತ್ತೆ. ಒಂದೇ ಮಾತು."

"ನೀನು ಹೇಳಿದ್ದು ನಿಜ. ನಾನು ಹೇಳೋಕಾಗಲ್ಲ. ಹೇಳಿದ್ರೆ ಮನೆಯೋರಿಗೆ ತಿಳಿಸದೆ ಹೆಸರು ಕೊಟ್ಟ ಹೆಂಗಸರು ಸಿಕ್ಕಿಬೀಳ್ತಾರೆ."

"ಯಾರೋ ಗುರುತಿಲ್ಲದ ಹೆಂಗಸರಿಗೋಸ್ಕರ ನನ್ನನ್ನ ಬೀದಿಗೆ ಹಾಕಿದ್ರಿ."

ಮೇಡಂ ಅದನ್ನು ಅಲ್ಲಗಳೆಯಲಿಲ್ಲ. "ಹೌದು" ಅಂದರು. ಆಮೇಲೆ, "ಊಟ ಆಗಿದೆಯಾ?" ಅಂದರು.

ಅವಳು ನನ್ನ ಕಡೆ ತಿರುಗಿದಳು. "ಹಂಗಾದ್ರೆ ಬರ್ಕೊಳ್ಳಿ ನನ್ನ ಹೆಸರು. ಹೇಗೂ ಬಂದಿದೆಯಲ್ಲ ಕೆಟ್ಟ ಹೆಸರು, ಅದೂ ಇರಲಿ."

"ಇವತ್ತು ಬೇಡ" ಎಂದರು ಮೇಡಂ. "ಸಿಟ್ಟಲ್ಲಿ ಕೊಡಬೇಡ. ಮನಸ್ಸಾದಾಗ ಬಾ. ಬಂದ್ರೆ ನಿನ್ನ ಮಾವ ಬಂದು ಕೇಳಿದ್ರೂ ಹೇಳಲ್ಲ."

ಅವಳು ನಕ್ಕಳು. ಹಾಗೆ ನಕ್ಕವರನ್ನು ನಾನು ಮತ್ತೆ ನೋಡಿಲ್ಲ. ಬ್ಯಾಗ್ ಎತ್ತಿಕೊಂಡು ಹೋದಳು. ಮತ್ತೆ ಬರಲಿಲ್ಲ. ದಾವಣಗೆರೆಯಲ್ಲಿ ಶಾಲೆಯೊಂದರಲ್ಲಿ ಇದ್ದಾಳೆ ಎಂದು ಒಬ್ಬರು, ಮದುವೆಯಾದಳೆಂದು ಇನ್ನೊಬ್ಬರು ಹೇಳಿದರು. ಎರಡೂ ನಿಜವಿರಬಹುದು.

ಮೇಡಂ ಮಾಡಿದ್ದು ಸರಿಯೋ ತಪ್ಪೋ ಎಂದು ಆಗ ನಾನು ದಿನಚರಿಯಲ್ಲಿ ಬಹಳ ಬರೆದಿದ್ದೇನೆ. ಒಂದು ವಾರ ಸರಿ ಎಂದಿದೆ, ಮುಂದಿನ ವಾರ ಕಲ್ಲು ಮನಸ್ಸು ಎಂದಿದೆ. ಈಗ ಓದಿದರೆ ಯಾವುದೂ ನನ್ನದಲ್ಲ ಅನಿಸುತ್ತದೆ. ಅವರು ಆಮೇಲೆ ಭಾನುವಾರಗಳಲ್ಲೂ ಕೇಂದ್ರಕ್ಕೆ ಬರುತ್ತಿದ್ದರು. ಅಂಗಡಿಗಳೆಲ್ಲ ಮುಚ್ಚಿರುತ್ತಿದ್ದವು. ಅರ್ಧ ಬಾಗಿಲು ತೆರೆದು ಕೂತು, ಭದ್ರಾವತಿಯಿಂದ ತಂದ ಚಿತ್ರಾನ್ನ ತಿಂದು, ಮೂರು ಗಂಟೆಯ ಬಸ್ಸಿಗೆ ವಾಪಸಾಗುತ್ತಿದ್ದರಂತೆ. ತಮ್ಮನ ಬಗ್ಗೆ ಕೆಟ್ಟ ಮಾತು ಆಡಿದ್ದು ನಾನು ಕೇಳಿಲ್ಲ. ಒಳ್ಳೆಯ ಮಾತನ್ನೂ ಕೇಳಿಲ್ಲ.

ದೊಡ್ಡ ಸೈಟುಗಳು ಬಂದ ಮೇಲೆ ನಮ್ಮದು ಸೊರಗಿತು. ಮುಚ್ಚುವ ಮೊದಲು ಉಳಿದಿದ್ದ ಎಲ್ಲರಿಗೂ ಮೇಡಂ ತಾವೇ ಫೋನ್ ಮಾಡಿದರು, ಎಕ್ಸ್‌ಚೇಂಜಿನ ಹಳೇ ಅಭ್ಯಾಸ ಬಿಡದೆ. "ಭದ್ರಾವತಿ ಮಾತಾಡ್ತಿದೀನಿ. ನಿಮ್ಮದೆಲ್ಲ ತೆಗೆಸ್ತಿದೀನಿ. ಫೋಟೊ ಪೋಸ್ಟಲ್ಲಿ ಬರುತ್ತೆ." ಅವರು ಹೇಳಿದ ಹಾಗೆ ನಾನು ಒಂದೊಂದಾಗಿ ಅಳಿಸಿದೆ. ಕೊನೆಯದನ್ನು ಅಳಿಸಿದಾಗ ಪರದೆ ಖಾಲಿಯಾಯಿತು. ಅವರು, "ಆಯ್ತಾ? ಸರಿ, ಫ್ಯಾನ್ ಆರಿಸು" ಅಂದರು. ಆಮೇಲೆ ಹಬ್ಬಕ್ಕೊಮ್ಮೆ ಫೋನು, ಅಷ್ಟೇ. ಕಾಯಿಲೆ ಬಿದ್ದದ್ದೂ ನನಗೆ ತಿಳಿದಿರಲಿಲ್ಲ.

ಮೊನ್ನೆ ಶಿವಗಣಾರಾಧನೆಯನ್ನು ಮಾಡಿದವನು ಆ ತಮ್ಮನೇ. ಆಸ್ಪತ್ರೆಗೂ ಬಂದಿರಲಿಲ್ಲವಂತೆ, ಹೋದ ಮೇಲೆ ಬಂದನಂತೆ. ತುಂಬ ಇಳಿದುಹೋಗಿದ್ದ. ಬಂದವರನ್ನು ಊಟಕ್ಕೆ ಕೂರಿಸುತ್ತಿದ್ದವನು ನನ್ನನ್ನು ಗುರುತು ಹಿಡಿದು, ಪಂಕ್ತಿಯಿಂದ ಆಚೆ ಕರೆದ. ನೀರಿನ ಡ್ರಮ್ಮುಗಳ ಪಕ್ಕ ನಿಂತೆವು.

"ನೀನು ಅಲ್ಲೇ ಕಂಪ್ಯೂಟರ್ ಮುಂದೆ ಕೂತಿದ್ದೆಯಲ್ಲಮ್ಮ ಅವತ್ತು."

"ಹೌದು ಸರ್."

"ಈಗ ಅಕ್ಕನೂ ಇಲ್ಲ, ಆ ಸೈಟೂ ಇಲ್ಲ. ಈಗಲಾದ್ರೂ ಹೇಳು. ಇತ್ತಾ, ಇಲ್ವಾ?"

ಏನು ಯೋಚಿಸಿದೆ ಎಂದು ಕೇಳಿದರೆ ಹೇಳಲಾರೆ. ಬಹುಶಃ ಏನೂ ಯೋಚಿಸಲಿಲ್ಲ. ಅಳಿಸಿಹೋದ ಹೆಸರುಗಳಲ್ಲಿ ಯಾರಿಗೂ ಇನ್ನು ತೊಂದರೆಯಾಗದು, ಆ ಸೊಸೆಯ ಮೇಲಿನ ಮಾತು ಹೋದರೆ ಹೋಗಲಿ ಎಂದುಕೊಂಡೆನೇನೋ.

"ಇರಲಿಲ್ಲ ಸರ್" ಎಂದೆ. "ನಾನೇ ಎಲ್ಲ ನೋಡ್ತಿದ್ದೆ. ಅವರು ಹೆಸರು ಕೊಟ್ಟಿರಲಿಲ್ಲ."

ಅವನು ನನ್ನನ್ನೇ ನೋಡಿದ. ಅವನ ಮುಖದಲ್ಲಿ ಏನಾದರೂ ಬದಲಾಗುತ್ತದೆ ಎಂದು ನಾನು ಕಾದೆ.

"ನೀನು ಹೀಗೇ ಹೇಳ್ತೀಯ ಅಂತ ಗೊತ್ತಿತ್ತು" ಅಂದ. "ಸತ್ತೋರ ಮಾನ ಉಳಿಸ್ಬೇಕು, ಹೇಳ್ತೀಯ. ಉಪ್ಪು ತಿಂದವಳು. ಬಿಡು, ತಪ್ಪೇನಿಲ್ಲ. ಇಲ್ದೇ ಇದ್ದಿದ್ರೆ ಅಕ್ಕ ಹೇಳದೇ ಇರ್ತಿದ್ಲಾ? ನನ್ನ ಹತ್ರ?"

"ನಿಜವಾಗಲೂ ಇರಲಿಲ್ಲ ಸರ್."

"ಆಯ್ತಮ್ಮ. ಎಲೆ ಹಾಕಿದಾರೆ, ಊಟಕ್ಕೆ ಕೂತ್ಕೊ" ಎಂದು, ಬೇರೆ ಯಾರನ್ನೋ ಎದುರುಗೊಳ್ಳಲು ಹೋದ.

ಊಟಕ್ಕೆ ಕೂತೆ. ಬಡಿಸಿದ್ದನ್ನೆಲ್ಲ ತಿಂದೆ. ಬಸ್ಸಿನಲ್ಲಿ ಬರುವಾಗ ಒಂದೇ ಪ್ರಶ್ನೆ ಇತ್ತು. ಆ ದಿನ ಇಲ್ಲ ಎಂದಿದ್ದರೂ ಅವನು ನಂಬುತ್ತಿರಲಿಲ್ಲ ಎಂಬುದು ಮೇಡಂಗೆ ಗೊತ್ತಿತ್ತೇ? ಗೊತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಬರೆದರೆ ನನಗೆ ಸಮಾಧಾನ. ಆದರೆ ಅವರು ಹಾಗೆ ಎಂದದ್ದು ನಾನು ಕೇಳಿಲ್ಲ. ಆ ದಿನ ಅವನು ಮೆಟ್ಟಿಲಿಳಿದು ಹೋದಾಗ ಅವರು ಎದ್ದು ರಸ್ತೆ ಕಡೆಯ ಕಿಟಕಿಗೆ ಹೋದರು. ಕೆಳಗೆ ಅವನ ಸ್ಕೂಟರ್ ಒಂದೆರಡು ಒದೆತಕ್ಕೆ ಶುರುವಾಗಲಿಲ್ಲ. ಅದು ಶುರುವಾಗಿ, ಆಲ್ಕೊಳದ ಕಡೆ ತಿರುಗಿ, ಕಾಣದಾಗುವ ತನಕ ಸರಳು ಹಿಡಿದು ನಿಂತಿದ್ದರು. ನಾನು ನೋಡಿದ್ದು ಅವರ ಬೆನ್ನು ಮಾತ್ರ.